ಓಮ್ನಿಯ ಗಂಟಲು ಕಟ್ಟಿದರೆ ಯಾರನ್ನು ಕರೆಯೋದು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆ ಹಳೇ ಮಾರುತಿ ಓಮ್ನಿಗಳು ಇನ್ನೂ ಓಡಾಡುತ್ತಲೇ ಇವೆ. ಬೆಳಿಗ್ಗೆ ರೇಷ್ಮೆ ಗೂಡು ಹೊತ್ತು ಮಾರ್ಕೆಟ್ಟಿಗೆ, ಮಧ್ಯಾಹ್ನ ಅಜ್ಜಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ, ಭಾನುವಾರ ಮನೆಮಂದಿಯನ್ನೆಲ್ಲ ತುಂಬಿಕೊಂಡು ಮದುವೆಗೆ. ಎಲ್ಲಕ್ಕೂ ಅದೇ ಗಾಡಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, 1988ರಲ್ಲಿ ಓಮ್ನಿ ಅಂತ ಹೆಸರಾಯಿತು, 2019ರಲ್ಲಿ ತಯಾರಿಕೆ ನಿಂತಿತು. ಕಂಪನಿ ನಿಲ್ಲಿಸಿದರೂ ನಮ್ಮ ಊರಿನವರು ಓಡಿಸೋದು ನಿಲ್ಲಿಸಿಲ್ಲ.

ಇಂಥ ಗಾಡಿ ಇರುವ ಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿ, ಹುಡುಗನಾಗಲಿ ಹುಡುಗಿಯಾಗಲಿ, ಯಾವ ಬ್ರಾಂಚೇ ಆಗಲಿ, ಅದರ ಫ್ಯೂಯಲ್ ಫಿಲ್ಟರನ್ನು ಒಮ್ಮೆಯಾದರೂ ಕೈಯಾರೆ ಬದಲಾಯಿಸಬೇಕು ಅನ್ನೋದು ನಮ್ಮ ವಾದ. ಇದು ಶೋಕಿಯ ಮಾತಲ್ಲ. ಕಾರಣ ಎರಡಿವೆ.

ಮೊದಲನೆಯದು ರಸ್ತೆ. ಹಳೇ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣದ ಪೇಟೆ ಒಳಗೇ ಹಾದು ಹೋಗುತ್ತಿತ್ತು. ಗಾಡಿ ಕೆಮ್ಮಿ ನಿಂತರೆ ಎದುರಿಗೇ ಒಂದು ಗ್ಯಾರೇಜು, ಪಕ್ಕದಲ್ಲಿ ಟೀ ಅಂಗಡಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿ ಎರಡೂ ಊರನ್ನು ಬಳಸಿಕೊಂಡು ಹೋಗುತ್ತೆ. ಅಲ್ಲಿ ಗಾಡಿ ನಿಂತರೆ ಪಕ್ಕದಲ್ಲೇ ಲಾರಿ, ಬಸ್ಸುಗಳು ಗಾಳಿ ಬೀಸಿದ ಹಾಗೆ ಹಾರಿಹೋಗುತ್ತಿರುತ್ತವೆ. 1033ಕ್ಕೆ ಫೋನ್ ಮಾಡಿ ಕಾಯಬಹುದು, ನಿಜ. ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳು, ಮುದುಕರು ಇದ್ದಾಗ ಆ ಕಾಯುವ ಹೊತ್ತೇ ಅಪಾಯದ ಹೊತ್ತು.

ಎರಡನೆಯದು ಪೆಟ್ರೋಲು. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ಸಿಗೋದು ಬಹುಮಟ್ಟಿಗೆ ಅದೇ. ಕಬ್ಬು ಬೆಳೆಯುವವರಿಗೆ ಅದರಿಂದ ಅನುಕೂಲ ಇದೆ, ಅದನ್ನು ನಾವು ಅಲ್ಲಗಳೆಯಲ್ಲ. ಆದರೆ ಎಥೆನಾಲ್ ನೀರಿನ ಪಸೆ ಹೀರಿಕೊಳ್ಳುತ್ತೆ, ಹಳೇ ಟ್ಯಾಂಕಿನೊಳಗೆ ಅಂಟಿಕೊಂಡಿದ್ದ ಕಸರನ್ನು ಎಬ್ಬಿಸುತ್ತೆ. ಎದ್ದ ಕಸರು ಬಂದು ಕೂರೋದು ಫಿಲ್ಟರಿನ ಮಡಿಕೆ ಕಾಗದದಲ್ಲೇ. ಹಳೇ ಗಾಡಿಯ ರಬ್ಬರ್ ಪೈಪುಗಳನ್ನೂ ಈ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಆದ್ದರಿಂದ ಫಿಲ್ಟರ್ ಮುಟ್ಟುವ ನೆಪದಲ್ಲಿ ಪೈಪು ಸೀಳು ಬಿಟ್ಟಿದೆಯಾ ಅಂತ ನೋಡೋದು ಅದಕ್ಕಿಂತ ದೊಡ್ಡ ಲಾಭ.

ಫಿಲ್ಟರ್ ಕಟ್ಟಿದೆ ಅಂತ ಗಾಡಿ ತಾನೇ ಹೇಳುತ್ತೆ. ಸುಮ್ಮನೆ ನಿಂತಾಗ ಇಂಜಿನ್ ಚೆನ್ನಾಗೇ ಇರುತ್ತೆ. ಏರು ಬಂದಾಗ, ತುಂಬು ಜನ ಕೂತಾಗ, ಆಕ್ಸಿಲರೇಟರ್ ಒತ್ತಿದಷ್ಟೂ ಎಳೆಯೋದೇ ಇಲ್ಲ. ಹೆಚ್ಚು ಪೆಟ್ರೋಲ್ ಬೇಕಾದಾಗಲೇ ಅಡ್ಡಿ ಗೊತ್ತಾಗೋದು. ಫ್ಲೂಯಿಡ್ ಮೆಕ್ಯಾನಿಕ್ಸಿನಲ್ಲಿ ಪ್ರೆಶರ್ ಡ್ರಾಪ್ ಅಂತ ಹತ್ತು ಅಂಕಕ್ಕೆ ಬರೆದದ್ದು ಇದನ್ನೇ ಅಲ್ವಾ?

ಕಾರ್ಬ್ಯುರೇಟರ್ ಇರುವ ಹಳೇ ಓಮ್ನಿಯಲ್ಲಿ ಕೆಲಸ ಸರಳ. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಡಿ ಬಯಲಿನಲ್ಲಿ ನಿಂತಿರಬೇಕು, ಶೆಡ್ಡಿನೊಳಗೆ ಬೇಡ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ಹಾಕಿ. ಪೈಪು ಒತ್ತಿ ಹಿಡಿದು ಕ್ಲಿಪ್ ಜಾರಿಸಿ, ತೊಟ್ಟಿಕ್ಕುವುದಕ್ಕೆ ಕೆಳಗೆ ಡಬ್ಬ ಇಡಿ. ಹೊಸ ಫಿಲ್ಟರಿನ ಮೇಲಿನ ಬಾಣ ಇಂಜಿನ್ ಕಡೆಗೆ ಮುಖ ಮಾಡಿರಬೇಕು. ಹೊಸ ಕ್ಲಿಪ್ಪನ್ನೇ ಹಾಕಿ. ಸ್ಟಾರ್ಟ್ ಮಾಡಿದ ಮೇಲೆ ಎರಡೂ ತುದಿಯಲ್ಲಿ ಒಂದು ಹನಿಯೂ ಜಿನುಗಬಾರದು. ಡಬ್ಬದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ.

ಎಲ್ಲಿ ನಿಲ್ಲಬೇಕು ಅಂತ ತಿಳಿಯೋದೂ ಇಂಜಿನಿಯರಿಂಗೇ. ಇಂಜೆಕ್ಷನ್ ಇರುವ ಗಾಡಿಯಲ್ಲಿ ಪೈಪಿನೊಳಗೆ ಒತ್ತಡ ಹೆಚ್ಚಿರುತ್ತೆ. ಅದನ್ನು ಇಳಿಸದೆ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮಬಹುದು. ಎಲ್‌ಪಿಜಿ ಕಿಟ್ ಇದ್ದರಂತೂ ಗ್ಯಾಸ್ ಲೈನಿಗೆ ಕೈ ಹಾಕಲೇಬೇಡಿ. ತಿಳಿದವರ ಬಳಿಗೇ ಒಯ್ಯಿರಿ. ಅಡುಗೆಮನೆ ಒಲೆ ಹತ್ತಿರ ಇದ್ದರೆ, ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದ್ದರೆ ಅಂದಿಗೆ ಕೆಲಸವೇ ಬೇಡ.

‘ನೀವೇ ಮಾಡ್ಕೊಂಡ್ರೆ ಮೆಕ್ಯಾನಿಕ್ ಹೊಟ್ಟೆಪಾಡು ಏನಾಗ್ಬೇಕು?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಮೆಕ್ಯಾನಿಕ್ಕಿನ ಬದುಕು ಒಂದು ಫಿಲ್ಟರಿನ ಮೇಲೆ ನಿಂತಿಲ್ಲ. ಅವರ ಕೆಲಸವನ್ನು ಒಮ್ಮೆ ಮಾಡಿ ನೋಡಿದವರು ಮುಂದೆ ಅವರ ಹತ್ತಿರ ಕೂಲಿಗೆ ಚೌಕಾಸಿ ಮಾಡಲ್ಲ. ಹಾಗೇ, ಬೇಡದ ರಿಪೇರಿ ಹೇಳುವವರ ಮುಂದೆ ಸುಮ್ಮನೆ ತಲೆಯಾಡಿಸೋದೂ ಇಲ್ಲ. ‘ಓದಿಸಿದ್ದು ಕೈಗೆ ಗ್ರೀಸ್ ಮೆತ್ತಿಕೊಳ್ಳೋಕಾ?’ ಅಂತ ಮನೆಯಲ್ಲಿ ಅಪ್ಪ ಅನ್ನಬಹುದು. ಹೂಂ ಅಪ್ಪ, ಅದಕ್ಕೂ ಓದಿದ್ದು ಅಂತ ಧೈರ್ಯವಾಗಿ ಹೇಳೋಣ.

ನಮ್ಮ ಕಾಲೇಜುಗಳಿಗೆ ಒಂದು ಕೋರಿಕೆ ಇದೆ. ಸೆಮಿಸ್ಟರಿಗೆ ಒಂದು ಶನಿವಾರ, ಊರಿನ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಅತಿಥಿ ಉಪನ್ಯಾಸಕರನ್ನು ಕರೆಯುವಷ್ಟೇ ಮರ್ಯಾದೆಯಿಂದ ಕರೆಸಿ, ಗೌರವಧನ ಕೊಟ್ಟು ಲ್ಯಾಬಿನಲ್ಲಿ ಪಾಠ ಮಾಡಿಸಲಿ. ಹಳೇ ವ್ಯಾನ್ ಒಂದನ್ನು ಹೊಂದಿಸುವ ಜವಾಬ್ದಾರಿ ನಮಗೇ ಬಿಡಿ, ಯಾರದಾದರೂ ಮನೆಯಿಂದ ತರ್ತೀವಿ.