ಕ್ರಯಪತ್ರ ಯಾರಿಗೆ ಅರ್ಥವಾಗಬೇಕು?



ಹೋಬೋಕನ್ನಿನಲ್ಲಿ ನಾವು ಮನೆ ಕೊಂಡು ಕೆಲವು ವಾರಗಳಾದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ನಮ್ಮ ಮನೆಯ ಡೀಡ್, ಅಂದರೆ ಕ್ರಯಪತ್ರ. ಹಡ್ಸನ್ ಕೌಂಟಿಯ ರಿಜಿಸ್ಟರ್ ಕಚೇರಿಯಲ್ಲಿ ದಾಖಲಾಗಿ, ಇಷ್ಟನೇ ಪುಸ್ತಕ, ಇಷ್ಟನೇ ಪುಟ ಅಂತ ಗುರುತು ಹಾಕಿಸಿಕೊಂಡು ವಾಪಸ್ ಬಂದಿತ್ತು. ಇದ್ದದ್ದು ಕೆಲವೇ ಪುಟ. ಮಾರಿದವರು ಯಾರು, ಕೊಂಡವರು ಯಾರು, ಎಷ್ಟು ದುಡ್ಡು, ಯಾವ ಬ್ಲಾಕು, ಯಾವ ಲಾಟು. ಲೋಟದಲ್ಲಿದ್ದ ಕಾಫಿ ಮುಗಿಯುವುದರೊಳಗೆ ಓದಿ ಮುಗಿಸಿದೆ. ವಕೀಲರನ್ನು ಕೇಳುವಂಥದ್ದು ಏನೂ ಇರಲಿಲ್ಲ.

ಮ್ಯಾನ್ಯುಯಲ್ ಓದದೆ ಸುಮ್ಮನಿರಲಾಗದ ಎಂಜಿನಿಯರ್ ಬುದ್ಧಿ ನೋಡಿ, ನ್ಯೂಜೆರ್ಸಿಯ ಕಾನೂನನ್ನೂ ತೆಗೆದು ನೋಡಿದೆ. 2012ರಲ್ಲಿ ಜಾರಿಗೆ ಬಂದ ಇಲ್ಲಿನ ಕಾಯ್ದೆ, ಆಸ್ತಿ ಪತ್ರ ದಾಖಲಾಗಬೇಕಾದರೆ ಏನೇನಿರಬೇಕು ಅಂತ ಪಟ್ಟಿ ಕೊಡುತ್ತದೆ. ಸಹಿ ಬೇಕು, ಸಹಿಯ ಕೆಳಗೆ ಹೆಸರು ಅಚ್ಚಿನಲ್ಲಿರಬೇಕು, ಇತ್ಯಾದಿ. ಅದರಲ್ಲೊಂದು ಭಾಷೆಯ ಷರತ್ತು: ಪತ್ರ ಇಂಗ್ಲಿಷಿನಲ್ಲಿರಬೇಕು, ಇಲ್ಲವಾದರೆ ಜೊತೆಗೆ ಇಂಗ್ಲಿಷ್ ಅನುವಾದ ಇರಬೇಕು.

ಇದರಲ್ಲಿ ಭಾಷಾಭಿಮಾನದ ಮಾತೇನಿಲ್ಲ. ಕೌಂಟಿ ಕಚೇರಿಯಲ್ಲಿ ಪತ್ರ ದಾಖಲಾದರೆ ಅದು ಊರಿಗೆಲ್ಲ ಕೊಟ್ಟ ನೋಟೀಸು ಇದ್ದಂತೆ. ಯಾರು ಬೇಕಾದರೂ ಹೋಗಿ ಹುಡುಕಬಹುದು, ಓದಬಹುದು. ನಾಳೆ ಅದೇ ಮನೆಯನ್ನು ಇನ್ನೊಬ್ಬನಿಗೆ ಮಾರಲು ಹೊರಟರೆ, ಕೊಳ್ಳುವವನು "ನನಗೆ ಗೊತ್ತಿರಲಿಲ್ಲ" ಅನ್ನುವ ಹಾಗಿಲ್ಲ. ಜನಕ್ಕೆ ಓದಲು ಬಾರದ ಭಾಷೆಯಲ್ಲಿ ನೋಟೀಸು ಕೊಟ್ಟು, ನಿಮಗೆಲ್ಲ ತಿಳಿಸಿದ್ದೇವೆ ಅಂದರೆ ಅದನ್ನು ಒಪ್ಪುವವರು ಯಾರು?

ಇದೇ ಊರಿನ ಹಳೇ ಕತೆಯೊಂದಿದೆ. 1630ರ ಜುಲೈನಲ್ಲಿ ಹೋಬೋಕನ್ನಿನ ನೆಲ ಲೆನಾಪೆ ಜನರ ಕೈಯಿಂದ ಡಚ್ ವ್ಯಾಪಾರಿ ಮೈಕೆಲ್ ಪಾವ್ ಎಂಬಾತನ ಹೆಸರಿಗೆ ಬಂತು. ಪತ್ರ ಬರೆದದ್ದು ಡಚ್ಚರು, ತಮ್ಮ ಭಾಷೆಯಲ್ಲಿ. ಮಾರಿದವರು ಅಂತ ಅದರಲ್ಲಿ ಹೆಸರಿದ್ದ ಲೆನಾಪೆಗಳಿಗೆ ಆ ಬರಹ ಓದಲು ಬರುತ್ತಿರಲಿಲ್ಲ. ನೆಲವನ್ನು ಶಾಶ್ವತವಾಗಿ ಮಾರಿ ಬಿಟ್ಟುಕೊಡುವುದು ಅನ್ನುವ ಯೋಚನೆಯೇ ಅವರಲ್ಲಿ ಇರಲಿಲ್ಲ ಅನ್ನುತ್ತಾರೆ ಇತಿಹಾಸಕಾರರು. ಈಗ ಈ ಊರಿನಲ್ಲಿ ಅವರದ್ದು ಅಂತ ಉಳಿದಿರುವುದು ಊರಿನ ಹೆಸರು ಮಾತ್ರ.

ಇದನ್ನೆಲ್ಲ ಬರೆಯಲು ಕಾರಣ ಬೆಂಗಳೂರಿನಲ್ಲಿ ಆದ ಒಂದು ಪ್ರಸಂಗ. ರಜೆಗೆ ಊರಿಗೆ ಹೋದಾಗ ಅಪ್ಪನ ಹೆಸರಿಗೆ ಊರಾಚೆ ಒಂದು ನಿವೇಶನ ನೋಂದಣಿ ಮಾಡಿಸಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆವು. ಮಾರುತ್ತಿದ್ದದ್ದು ಆ ಹಳ್ಳಿಯದೇ ಕುಟುಂಬ. ಮೊದಲನೇ ಸಹಿದಾರರು ಎಪ್ಪತ್ತು ದಾಟಿದ ಅಜ್ಜಿ. ಕ್ರಯಪತ್ರ ಇಪ್ಪತ್ತೆರಡು ಪುಟ, ಪೂರ್ತಿ ಇಂಗ್ಲಿಷ್. ಹೆಬ್ಬೆಟ್ಟು ಒತ್ತಲು ಶಾಯಿ ಡಬ್ಬಿ ಮುಂದಿಟ್ಟಾಗ ಅಜ್ಜಿ ನನ್ನ ಕಡೆ ತಿರುಗಿ, "ಏನಪ್ಪಾ, ನಿಂಗೆ ಓದಕ್ಕೆ ಬತ್ತದಲ್ಲ, ಇದ್ರಾಗೆ ಏನ್ ಬರ್ದವ್ರೆ ವಸಿ ಯೋಳು" ಅಂದರು.

ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೆಲವು ಸಾಲು ನನಗೇ ಅರ್ಥವಾಗಲಿಲ್ಲ, ಅದು ಬೇರೆ ಮಾತು. ಕೊನೆಗೆ ಚಕ್ಕುಬಂದಿಗೆ ಬಂದೆ. ಪೂರ್ವಕ್ಕೆ ರಸ್ತೆ ಅಂತ ಓದುತ್ತಿದ್ದಂತೆ ಅಜ್ಜಿ ಕೈ ಅಡ್ಡ ಹಿಡಿದರು. "ಮೂಡ್ಲಾಗೆ ರೋಡ್ ಎಲ್ಲೈತೆ? ಅದು ನಮ್ ಮೈದುನಂದು. ರೋಡ್ ಇರಾದು ತೆಂಕ್ಲಾಗೆ!"

ಆ ಪತ್ರವನ್ನು ವಕೀಲರು ಓದಿದ್ದರು, ಅಪ್ಪ ಓದಿದ್ದರು, ನಾನು ಎರಡು ಸಲ ಓದಿದ್ದೆ. ಓದಿದ ಮೂವರಿಗೂ ನೆಲ ಗೊತ್ತಿರಲಿಲ್ಲ. ನೆಲ ಗೊತ್ತಿದ್ದ ಒಬ್ಬರಿಗೆ ಪತ್ರ ಏನು ಹೇಳುತ್ತದೆ ಅಂತ ಅಲ್ಲಿಯವರೆಗೆ ಯಾರೂ ತಿಳಿಸಿರಲಿಲ್ಲ! ಅವತ್ತೇ ಪುಟ ಬದಲಿಸಿ ಟೈಪ್ ಮಾಡಿಸಿದೆವು. ಇಲ್ಲದಿದ್ದರೆ ಆಮೇಲೆ ತಿದ್ದುಪಡಿ ಪತ್ರಕ್ಕಾಗಿ ಅವರನ್ನೆಲ್ಲ ಮತ್ತೆ ಹುಡುಕಿಕೊಂಡು ಅಲೆಯಬೇಕಿತ್ತು. ಸಬ್ ರಿಜಿಸ್ಟ್ರಾರ್ ಮುಖ್ಯವಾಗಿ ಖಚಿತ ಮಾಡಿಕೊಳ್ಳುವುದು ಪತ್ರ ಬರೆದುಕೊಟ್ಟವರು ಇವರೇನಾ ಅಂತ. ಒಳಗಿನ ಒಂದೊಂದು ಸಾಲನ್ನೂ ಬಿಡಿಸಿ ಹೇಳುವುದು ಅವರ ಕೆಲಸವಲ್ಲ.

ಹಾಗಾದರೆ ನಮ್ಮ ಕಾನೂನು ಏನನ್ನುತ್ತದೆ? 1908ರ ನೋಂದಣಿ ಕಾಯ್ದೆಯ 19ನೇ ಸೆಕ್ಷನ್ ಓದಿ. ನೋಂದಣಾಧಿಕಾರಿಗೆ ಬಾರದ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲೂ ಇಲ್ಲದ ಭಾಷೆಯಲ್ಲಿ ಪತ್ರ ತಂದರೆ, ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ಅನುವಾದವಿಲ್ಲದೆ ನೋಂದಣಿ ಮಾಡುವ ಹಾಗಿಲ್ಲ. ಬ್ರಿಟಿಷರ ಕಾಲದ ಕಾಯ್ದೆಗೂ ಜಿಲ್ಲೆಯ ಭಾಷೆ ಯಾವುದು ಅನ್ನುವ ಯೋಚನೆ ಇತ್ತು. ಅಧಿಕಾರಿಗೆ ಇಂಗ್ಲಿಷ್ ಬರುತ್ತದೆ, ಆದ್ದರಿಂದ ಇಂಗ್ಲಿಷ್ ಪತ್ರ ನಡೆಯುತ್ತದೆ, ಅಷ್ಟೆ. ಮಾರುವವರಿಗೆ ಬರುತ್ತದೆಯೇ ಅಂತ ಕಾಯ್ದೆ ಕೇಳುವುದಿಲ್ಲ. ಆದರೆ ಕನ್ನಡದಲ್ಲಿ ಬರೆಸಬೇಡಿ ಅಂತ ಯಾವ ಕಾನೂನೂ ಹೇಳಿಲ್ಲ. ಕರ್ನಾಟಕದ ಆಡಳಿತ ಭಾಷೆ ಕನ್ನಡ ಅಂತ 1963ರಲ್ಲೇ ಕಾಯ್ದೆಯಾಗಿದೆ. ಇಂಗ್ಲಿಷ್ ಪತ್ರ ನಮ್ಮಂಥ ಕೊಳ್ಳುವವರು ಕೇಳದೇ ಬಿಟ್ಟದ್ದರಿಂದ ಬೆಳೆದ ಅಭ್ಯಾಸ.

ಬ್ಯಾಂಕಿನವರು ಒಪ್ಪಲ್ಲ, ಅವರ ವಕೀಲರಿಗೆ ಇಂಗ್ಲಿಷೇ ಬೇಕು ಅನ್ನುತ್ತಾರೆ. ಅದೇ ಬ್ಯಾಂಕುಗಳು ಕನ್ನಡದ ಪಹಣಿ ನೋಡಿ ರೈತರಿಗೆ ಬೆಳೆ ಸಾಲ ಕೊಡುತ್ತಿಲ್ಲವೇ? ಸಾಲ ಕೊಡಲು ಅರ್ಥವಾಗುವ ಕನ್ನಡ, ಮನೆ ಸಾಲ ಅಂದಕೂಡಲೇ ಅರ್ಥವಾಗದೇ ಹೋಗುತ್ತದೆಯೇ? ಬ್ಯಾಂಕಿನ ಮುಖ್ಯ ಕಚೇರಿಗೆ ಅನುವಾದ ಬೇಕಿದ್ದರೆ ಮಾಡಿಸಿಕೊಳ್ಳಲಿ. ಇನ್ನು ಕಂಪ್ಯೂಟರಿನಲ್ಲಿ ಕನ್ನಡ ಕಷ್ಟ ಅನ್ನುವ ನೆಪ ಸಾಫ್ಟ್‌ವೇರ್ ಬರೆಯುವ ನಮ್ಮ ಬಾಯಲ್ಲಂತೂ ಬರಬಾರದು. 2000ದ ಸುಮಾರಿಗೆ ಬಂದ ಭೂಮಿ ಯೋಜನೆ ಇಡೀ ರಾಜ್ಯದ ಪಹಣಿಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ಹಾಕಿ ತೋರಿಸಿತು.

ಅತ್ತ ಕಾಸರಗೋಡಿನ ಕನ್ನಡಿಗರು 1956ರಲ್ಲಿ ಕೇರಳಕ್ಕೆ ಸೇರಿದಾಗಿನಿಂದ ಸರ್ಕಾರಿ ಕಾಗದಗಳು ಕನ್ನಡದಲ್ಲಿ ಬೇಕು ಅಂತ ಕೇಳುತ್ತಲೇ ಇದ್ದಾರೆ. ಇತ್ತ ಬೆಂಗಳೂರಿನಲ್ಲಿ, ಕೇಳಿದರೆ ಸಿಗುವುದನ್ನೂ ನಾವು ಕೇಳುತ್ತಿಲ್ಲ.

ಈ ಪತ್ರ ಓದುವ ಬಹಳ ಜನ ಊರಿನಲ್ಲಿ ಸೈಟೋ ಫ್ಲ್ಯಾಟೋ ಕೊಳ್ಳುವ ಯೋಚನೆಯಲ್ಲಿದ್ದೀರಿ. ಪವರ್ ಆಫ್ ಅಟಾರ್ನಿ ಮಾಡಿಸಿ ಊರಿಗೆ ಕಳಿಸುವಾಗ, ವಕೀಲರಿಗೆ ಇನ್ನೊಂದು ಸಾಲು ಬರೆಯಿರಿ: ಕ್ರಯಪತ್ರದ ಕರಡು ಕನ್ನಡದಲ್ಲಿ ಬೇಕು, ಸಹಿಗೆ ಮುಂಚೆ ಮಾರುವವರ ಮನೆಯಲ್ಲಿ ಅದನ್ನು ಓದಿ ಹೇಳಬೇಕು. ಕನ್ನಡದಲ್ಲಿ ಬರೆಯಬಲ್ಲ ಪತ್ರಬರಹಗಾರರು ಇನ್ನೂ ಇದ್ದಾರೆ.

ನಮ್ಮ ಚಿಕ್ಕಪ್ಪ ಈಗ ಅದೇ ಹಳ್ಳಿಯಲ್ಲಿ ಸೈಟು ಕೊಳ್ಳುತ್ತಿದ್ದಾರೆ. ಅಲ್ಲಿನ ಹಳೇ ಪತ್ರಬರಹಗಾರರೊಬ್ಬರು ಬರೆದ ಕನ್ನಡದ ಕರಡು ಹೋದ ವಾರ ನನ್ನ ಕೈಗೆ ಬಂತು. ಒಂಬತ್ತು ಪುಟ, ಚಕ್ಕುಬಂದಿ ಎರಡನೇ ಪುಟದಲ್ಲೇ ಇದೆ. ಹೆಸರು, ಸರ್ವೆ ನಂಬರ್ ತೆಗೆದು ಒಂದು ಖಾಲಿ ಪ್ರತಿ ಮಾಡಿಟ್ಟಿದ್ದೇನೆ. ಬೇಕಾದವರು ಬರೆಯಿರಿ, ಕಳಿಸುತ್ತೇನೆ.