ಪರದೆ ನಮ್ಮದು, ಅತಿಥಿಗಳು ಯಾರು?

ಪ್ರತಿ ವರ್ಷ ರಮಝಾನ್‌ನ ಚಂದ್ರದರ್ಶನವಾಗುತ್ತಲೇ ನಮ್ಮ ಪಟ್ಟಣಗಳ ಕೇಬಲ್ ವಾಹಿನಿಗಳಲ್ಲಿ ಹೊಸ ಸಡಗರ ಕಾಣಿಸಿಕೊಳ್ಳುತ್ತದೆ. ಅಸರ್ ನಮಾಝಿನ ಬಳಿಕ ಅರ್ಧ ಗಂಟೆ, ಕೆಲವೆಡೆ ಸಹರಿಯ ವೇಳೆಗೆ ಇನ್ನರ್ಧ ಗಂಟೆ. ಹಿನ್ನೆಲೆಯಲ್ಲಿ ಹಸಿರು ಬಟ್ಟೆ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂಗಳು, ಎರಡು ಸೋಫಾಗಳು. ಒಂದರಲ್ಲಿ ನಿರೂಪಕ, ಇನ್ನೊಂದರಲ್ಲಿ 'ಇಂದಿನ ನಮ್ಮ ವಿಶೇಷ ಅತಿಥಿ'. ಈ ವಿಶೇಷ ಅತಿಥಿ ಯಾರೆಂದು ನೋಡಿದರೆ ಒಂದು ದಿನ ಚಿನ್ನದ ಮಳಿಗೆಯ ಮಾಲಕರು, ಮರುದಿನ ಬಿಲ್ಡರ್, ಮೂರನೆಯ ದಿನ ಪುರಸಭೆಯ ಸದಸ್ಯರು, ನಾಲ್ಕನೆಯ ದಿನ ಗಲ್ಫ್‌ನಿಂದ ರಜೆಯಲ್ಲಿ ಬಂದಿರುವ 'ಕೊಡುಗೈ ದಾನಿ'. ಅವರು ತಮ್ಮ ಬಾಲ್ಯದ ಕಷ್ಟಗಳನ್ನು ಹೇಳುತ್ತಾರೆ, ನಿರೂಪಕರು ಮಾಷಾ ಅಲ್ಲಾಹ್ ಎನ್ನುತ್ತಾರೆ. ಪರದೆಯ ಕೆಳಗೆ ಅದೇ ಅತಿಥಿಯ ಅಂಗಡಿಯ ದೂರವಾಣಿ ಸಂಖ್ಯೆ ಓಡುತ್ತಿರುತ್ತದೆ. ಈದ್‌ನ ದಿನ ಎಲ್ಲರ ಶುಭಾಶಯಗಳು ಸಾಲಾಗಿ ಮೂಡಿ ಮರೆಯಾಗುತ್ತವೆ. ಶವ್ವಾಲ್ ಎರಡರಂದು ಎಲ್ಲವೂ ಮುಗಿಯುತ್ತದೆ. ಮುಂದಿನ ರಮಝಾನ್‌ವರೆಗೆ ಈ ಸಮುದಾಯಕ್ಕೆ ಹೇಳಿಕೊಳ್ಳುವಂತಹದು ಏನೂ ಇಲ್ಲವೆಂಬಂತೆ!

ಇದನ್ನು ನಾವು ಅಪಹಾಸ್ಯಕ್ಕಾಗಿ ಬರೆಯುತ್ತಿಲ್ಲ. ಆ ಅರ್ಧ ಗಂಟೆಯನ್ನು ದೊರಕಿಸಿಕೊಳ್ಳಲು ನಮ್ಮ ಯುವಕರು ಪಡುವ ಪಾಡು ನಮಗೆ ತಿಳಿದಿದೆ. ಆದರೆ ಸಮುದಾಯದ ಕೈಗೆ ಒಂದು ಪರದೆ ದೊರೆತಾಗ ಅದು ಯಾರನ್ನು ಕೂರಿಸಿತು, ಯಾರನ್ನು ಹೊರಗಿಟ್ಟಿತು ಎಂಬ ಪ್ರಶ್ನೆಯನ್ನು ಇನ್ನೂ ಮುಂದೂಡುವುದು ಅಪ್ರಾಮಾಣಿಕತೆಯಾಗುತ್ತದೆ.

ದೃಶ್ಯಮಾಧ್ಯಮಗಳ ಬಗ್ಗೆ ನಮ್ಮ ದೂರುಗಳಿಗೆ ಕೊನೆಯಿಲ್ಲ. ಅವು ಸುಳ್ಳು ದೂರುಗಳೂ ಅಲ್ಲ. 2020ರ ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಹೆಸರಿನಲ್ಲಿ ಇಡೀ ಸಮುದಾಯವನ್ನೇ ರೋಗವಾಹಕವೆಂದು ಬಿಂಬಿಸಿದ ವಾಹಿನಿಗಳನ್ನು ನಾವು ಮರೆತಿಲ್ಲ. ತರಕಾರಿ ಮಾರುವ ಬಡವನನ್ನು ಕೇರಿಯೊಳಗೆ ಬಿಡದ ದಿನಗಳವು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂಬ ಅರ್ಥದಲ್ಲಿ ಮಾಧ್ಯಮದ ಅಪಪ್ರಚಾರವನ್ನು ಟೀಕಿಸಿತು. 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳದ್ದೇ ಸ್ವನಿಯಂತ್ರಣ ಪ್ರಾಧಿಕಾರವು ಈ ಕುರಿತ ಪ್ರಸಾರಕ್ಕಾಗಿ ಕನ್ನಡದ ಎರಡು ವಾಹಿನಿಗಳಿಗೆ 1 ಲಕ್ಷ ಮತ್ತು 50 ಸಾವಿರ ರೂಪಾಯಿ ದಂಡ ವಿಧಿಸಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ದಂಡ ಬಂದದ್ದು ಟಿ.ವಿ.ಯ ಮುಂದೆ ಕುಳಿತು ಶಪಿಸಿದವರಿಂದಲ್ಲ. ದ್ವೇಷ ಭಾಷಣದ ವಿರುದ್ಧ ದುಡಿಯುವ ನಾಗರಿಕರ ಗುಂಪೊಂದು ಲಿಖಿತ ದೂರು ನೀಡಿ, ಅದನ್ನು ಕೊನೆಯವರೆಗೂ ಬೆನ್ನು ಹತ್ತಿದ್ದರಿಂದ. ಮಾಧ್ಯಮವನ್ನು ಎದುರಿಸಲು ಮಾಧ್ಯಮದ ಜ್ಞಾನ ಬೇಕು. ಆ ಜ್ಞಾನ ಹುಟ್ಟುವ ಮೊದಲ ಪಾಠಶಾಲೆ ಊರಿನ ಸ್ವಂತ ಪರದೆ. ಅದನ್ನು ನಾವು ಸನ್ಮಾನದ ವೇದಿಕೆಯನ್ನಾಗಿ ಮಾಡಿಕೊಂಡಿದ್ದೇವೆ.

ಊರಿನ ಪರದೆಯಿಂದ ಏನು ಸಾಧ್ಯವೆಂಬುದಕ್ಕೆ ದೂರದ ದೇಶಗಳನ್ನು ನೋಡಬೇಕಾಗಿಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸುವ ಸೈಟ್ ಎಂಬ ಪ್ರಯೋಗ ನಡೆಯಿತು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇಸ್ರೋ ಸಂಸ್ಥೆಯು ಪಿಜ್ ಎಂಬ ಹಳ್ಳಿಯಲ್ಲಿ ಸಣ್ಣದೊಂದು ಪ್ರೇಷಕವನ್ನು ನಿಲ್ಲಿಸಿ, ಆ ಜಿಲ್ಲೆಯ ಜನರಿಗಾಗಿ, ಆ ಜನರ ಭಾಷೆಯಲ್ಲಿ, ಅವರನ್ನೇ ಸೇರಿಸಿಕೊಂಡು ಕಾರ್ಯಕ್ರಮಗಳನ್ನು ತಯಾರಿಸಿತು. ಕೃಷಿ ಕೂಲಿಗಳ ಕನಿಷ್ಠ ವೇತನ, ಜಾತಿ ತಾರತಮ್ಯ, ಕುಡಿತದ ಪಿಡುಗು - ಇವೆಲ್ಲ ಅಲ್ಲಿ ವಿಷಯಗಳಾದವು. ಕೂಲಿಯಾಳು ಅಲ್ಲಿ ಅತಿಥಿಯಾದ. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋ ಪ್ರಶಸ್ತಿ ಅದನ್ನು ಅರಸಿ ಬಂತು. ಆದರೆ ಎಂಬತ್ತರ ದಶಕದ ಮಧ್ಯದಲ್ಲಿ ಆ ಪ್ರೇಷಕವನ್ನು ಮಹಾನಗರವೊಂದರ ಎರಡನೇ ವಾಹಿನಿಗಾಗಿ ಕಿತ್ತು ಸಾಗಿಸಲಾಯಿತು. ಬಡವನ ಪರದೆಯನ್ನು ಶ್ರೀಮಂತನ ಮನರಂಜನೆಗೆ ಬಿಟ್ಟುಕೊಟ್ಟ ಈ ಕತೆಯನ್ನು ಓದಿ ಸರಕಾರವನ್ನು ದೂರುವುದು ಸುಲಭ. ಆದರೆ ನಮ್ಮ ಮೊಹಲ್ಲಾಗಳಲ್ಲಿ ನಾವೇ ಅದನ್ನು ಮಾಡುತ್ತಿಲ್ಲವೇ?

ಕಾನೂನು ನಮ್ಮ ಪಾಲಿಗೆ ಪೂರ್ಣವಾಗಿ ಮುಚ್ಚಿದ ಬಾಗಿಲೇನೂ ಅಲ್ಲ. ವಾಯುತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಸ್ಪಷ್ಟವಾಗಿ ಹೇಳಿದೆ. 2006ರ ನೀತಿಯಂತೆ ಸರಕಾರೇತರ ಸೇವಾ ಸಂಸ್ಥೆಗಳೂ ಸಮುದಾಯ ಬಾನುಲಿ ಕೇಂದ್ರಗಳನ್ನು ನಡೆಸಬಹುದು. ಸಮುದಾಯ ಟೆಲಿವಿಷನ್‌ಗೆ ಅಂತಹ ನೀತಿ ರೂಪಿಸದಿರುವುದು ಸರಕಾರಗಳ ದೊಡ್ಡ ಲೋಪ. ಅಮೆರಿಕದಲ್ಲಿ ಸಾರ್ವಜನಿಕರಿಗಾಗಿ, ಶಿಕ್ಷಣಕ್ಕಾಗಿ ವಾಹಿನಿಗಳನ್ನು ಮೀಸಲಿಡುವಂತೆ ಕೇಬಲ್ ಕಂಪೆನಿಗಳಿಗೆ ಷರತ್ತು ವಿಧಿಸುವ ಅಧಿಕಾರವನ್ನು 1984ರ ಕಾಯ್ದೆಯೇ ಸ್ಥಳೀಯಾಡಳಿತಗಳಿಗೆ ನೀಡಿದೆ. ಇಲ್ಲಿ ಅಂತಹ ಹಕ್ಕು ಇಲ್ಲ. ಇಲ್ಲಿ ಸ್ಥಳೀಯ ವಾಹಿನಿಗಳು ಎಂ.ಎಸ್.ಓ. ಎಂದು ಕರೆಯಲಾಗುವ ಕೇಬಲ್ ಜಾಲದ ದೊಡ್ಡ ನಿರ್ವಾಹಕರ ಅಧೀನದಲ್ಲಿವೆ. 2022ರ ನವೆಂಬರ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಯಂತೆ ಇಂತಹ ಪ್ರತಿಯೊಂದು ವಾಹಿನಿಯನ್ನೂ 1,000 ರೂಪಾಯಿ ಶುಲ್ಕ ತೆತ್ತು ನೋಂದಾಯಿಸಬೇಕು. ಜಾಲದ ಒಟ್ಟು ಸಾಮರ್ಥ್ಯದ ಶೇಕಡಾ 5ಕ್ಕಿಂತ ಹೆಚ್ಚು ಪಾಲು ಅವುಗಳಿಗೆ ಸಲ್ಲದು. ಪ್ರಸಾರವಾದುದರ ಧ್ವನಿಮುದ್ರಿಕೆ, ದೃಶ್ಯಮುದ್ರಿಕೆಗಳನ್ನು 90 ದಿನ ಕಾಯ್ದಿಡಬೇಕು. ಅಂದರೆ ಜಾಗ ಕಿರಿದು. ಕಿರಿದಾದ ಜಾಗದಲ್ಲಿ ದೊರೆತ ಅರ್ಧ ಗಂಟೆಯನ್ನು ಹೂಹಾರದಲ್ಲಿ ಕಳೆಯುವುದು ದುಂದುಗಾರಿಕೆಯಲ್ಲದೆ ಇನ್ನೇನು? ಇಫ್ತಾರ್‌ನಲ್ಲಿ ಅನ್ನ ಚೆಲ್ಲಬಾರದೆಂದು ಖುತ್ಬಾಗಳಲ್ಲಿ ಹೇಳುತ್ತೇವೆ. ಸಮಯವನ್ನು ಚೆಲ್ಲುವುದರ ಬಗ್ಗೆ ಯಾರೂ ಹೇಳುವುದಿಲ್ಲ.

2025ರ ಉದಾಹರಣೆಯೊಂದನ್ನೇ ತೆಗೆದುಕೊಳ್ಳೋಣ. ವಕ್ಫ್ ತಿದ್ದುಪಡಿ ಕಾಯ್ದೆ ಆ ವರ್ಷದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಜೂನ್ 6ರಂದು ಉಮೀದ್ ಎಂಬ ಜಾಲತಾಣ ತೆರೆಯಿತು. ವಕ್ಫ್ ಸೊತ್ತುಗಳ ವಿವರಗಳನ್ನು ಅದಕ್ಕೆ ಸೇರಿಸಲು ಕಾಯ್ದೆ ನೀಡಿದ್ದು ಆರು ತಿಂಗಳ ಕಾಲಾವಕಾಶ. ಕಾಯ್ದೆಯನ್ನು ನಾವು ವಿರೋಧಿಸಿದೆವು, ವಿರೋಧಿಸಬೇಕಿತ್ತು. ಆದರೆ ಅದೇ ವೇಳೆಗೆ ಹಳ್ಳಿಯ ಸಣ್ಣ ಮಸೀದಿಯ ಮುತವಲ್ಲಿಯೊಬ್ಬರು ತಮ್ಮಲ್ಲಿರುವ ಹಳೆಯ ಪಹಣಿಯನ್ನು, ಗೆಝೆಟ್ ಪ್ರತಿಯನ್ನು ಹಿಡಿದು ಯಾರ ಬಳಿಗೆ ಹೋಗಬೇಕಿತ್ತು? ಒಬ್ಬ ವಕೀಲರನ್ನು, ಕಂದಾಯ ಇಲಾಖೆಯ ನಿವೃತ್ತ ನೌಕರರೊಬ್ಬರನ್ನು, ಕಂಪ್ಯೂಟರ್ ಬಲ್ಲ ಯುವಕನೊಬ್ಬನನ್ನು ಆ ಎರಡು ಸೋಫಾಗಳಲ್ಲಿ ಕೂರಿಸಿ, ಯಾವ ದಾಖಲೆ ಬೇಕು, ಎಲ್ಲಿ ದೊರೆಯುತ್ತದೆ, ಯಾವ ತಪ್ಪನ್ನು ಮಾಡಬಾರದು ಎಂದು ವಾರಕ್ಕೊಮ್ಮೆ ವಿವರಿಸಿದ್ದರೆ ಸಾಕಿತ್ತು. ಆ ಕೆಲಸಕ್ಕೆ ಕೇಳಬೇಕಿದ್ದುದು ಸಾಮಾನ್ಯ ಜ್ಞಾನವೊಂದೇ. ಎಷ್ಟು ಪಟ್ಟಣಗಳಲ್ಲಿ ಅದು ನಡೆಯಿತೆಂದು ಓದುಗರು ತಮ್ಮ ತಮ್ಮ ಊರನ್ನು ನೆನೆದು ಉತ್ತರಿಸಿಕೊಳ್ಳಲಿ.

ವಿದ್ಯಾರ್ಥಿವೇತನದ ವಿಷಯವೂ ಹಾಗೆಯೇ. 2006ರ ಸಾಚಾರ್ ವರದಿಯು ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯನ್ನೇ ಕಾಣದವರು ಅಥವಾ ಅರ್ಧಕ್ಕೆ ಬಿಟ್ಟವರು ಎಂದು ತಿಳಿಸಿತ್ತು. 2022ರಲ್ಲಿ ಕೇಂದ್ರ ಸರಕಾರವು ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಸೀಮಿತಗೊಳಿಸಿತು. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಿತು. ಇದರಿಂದ ಯಾವ ಮನೆಯ ಯಾವ ಮಗು ಶಾಲೆ ಬಿಟ್ಟಿತೆಂದು ತಿಳಿದಿರುವುದು ರಾಷ್ಟ್ರೀಯ ವಾಹಿನಿಗಲ್ಲ. ಅದು ತಿಳಿದಿರುವುದು ಓಣಿಯ ಉಸ್ತಾದರಿಗೆ, ಅಂಗನವಾಡಿಯ ಕಾರ್ಯಕರ್ತೆಗೆ, ಬೀಡಿ ಕಟ್ಟುವ ತಾಯಿಗೆ. ಅವರನ್ನು ಕರೆಯದ ಕಾರ್ಯಕ್ರಮವನ್ನು 'ಸಮುದಾಯದ ಧ್ವನಿ' ಎಂದು ಕರೆದುಕೊಳ್ಳಲು ನಮಗೆ ಹೇಗೆ ಮನಸ್ಸು ಬರುತ್ತದೆ?

ಇನ್ನು ಮಹಿಳೆಯರ ವಿಷಯ. ಮದ್ರಸದಲ್ಲಿ ಕಲಿತು ಬಂದವರಾದ ನಾವು ಇದನ್ನು ಹೊರಗಿನವರ ಧಾಟಿಯಲ್ಲಿ ಹೇಳುತ್ತಿಲ್ಲ. 2022ರ ಆರಂಭದಲ್ಲಿ ಉಡುಪಿಯಿಂದ ತೊಡಗಿ ರಾಜ್ಯದಾದ್ಯಂತ ಕಾಲೇಜುಗಳ ಗೇಟಿನ ಮುಂದೆ ನಮ್ಮ ಹೆಣ್ಣುಮಕ್ಕಳ ಹಿಂದೆ ಕ್ಯಾಮರಾಗಳು ಓಡಿದವು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ನಡುವೆ ಅಭಿಪ್ರಾಯ ಭೇದವುಂಟಾಯಿತು. ಈ ಎಲ್ಲ ತಿಂಗಳುಗಳಲ್ಲಿ ಆ ಮಕ್ಕಳ ಬಗ್ಗೆ ಮಾತನಾಡಿದವರೆಲ್ಲ ಯಾರು? ಅಲ್ಲಿ ಅವರ ವಿರೋಧಿಗಳು, ಇಲ್ಲಿ ನಾವು. ನಾವು ಕಂಡ ನಮ್ಮದೇ ಚರ್ಚೆಗಳಲ್ಲಿ ನಾಲ್ವರು ಗಂಡಸರು ಕುಳಿತು ಹಿಜಾಬಿನ ಮಹತ್ವವನ್ನು ವಿವರಿಸಿದರು. ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಗೆ ಒಂದು ಖುರ್ಚಿ ಸಿಗಲಿಲ್ಲ. ಅವಳ ಶಿರವಸ್ತ್ರಕ್ಕಾಗಿ ಹೋರಾಡಿದ ನಾವು ಅವಳ ನಾಲಗೆಗೆ ಜಾಗ ಕೊಡಲಿಲ್ಲ.

ಹೆಣ್ಣಿನ ದನಿ ಪರದೆಯಲ್ಲಿ ಕೇಳಿಸಬಾರದೆನ್ನುವ ಸಹೋದರರು ಖೌಲಾ ಬಿಂತ್ ಸಅ್‌ಲಬಾ(ರ) ಅವರನ್ನು ನೆನಪಿಸಿಕೊಳ್ಳಲಿ. ಪತಿಯ ಅನ್ಯಾಯದ ವಿರುದ್ಧ ಪ್ರವಾದಿ(ಸ)ರ ಮುಂದೆ ವಾದಿಸಿದ ಆ ಮಹಿಳೆಯ ಅಹವಾಲನ್ನು ಅಲ್ಲಾಹನು ಆಲಿಸಿದನೆಂದು ಸಾರುತ್ತಾ ಕುರ್‌ಆನಿನ ಒಂದು ಅಧ್ಯಾಯವೇ ಆರಂಭವಾಗುತ್ತದೆ. ಅದರ ಹೆಸರು ಅಲ್ ಮುಜಾದಲಃ. ಅಲ್ಲಾಹನು ಆಲಿಸಿದ ದನಿಯನ್ನು ಕೇಬಲ್‌ನವರು ಕತ್ತರಿಸಬೇಕೇ?

ನಮ್ಮ ಮಾತಿಗೆ ಬರುವ ಪ್ರತ್ಯುತ್ತರಗಳೂ ನಮಗೆ ಗೊತ್ತು. ಪ್ರಾಯೋಜಕರಿಲ್ಲದೆ ಕಾರ್ಯಕ್ರಮ ನಡೆಯದು ಎಂಬುದು ಮೊದಲನೆಯದು. ಒಪ್ಪಿದೆವು. ಜಾಹೀರಾತು ಪಡೆಯಿರಿ, ಧನ್ಯವಾದ ಹೇಳಿರಿ. ಆದರೆ ಹಣ ಕೊಟ್ಟವನಿಗೆ ಜಾಹೀರಾತಿನ ಸಮಯ ಸಲ್ಲಬೇಕು, ಅತಿಥಿಯ ಖುರ್ಚಿ ಸಲ್ಲಬಾರದು. ದಾನಿಯ ಹೆಸರಿನಲ್ಲಿ ಮಸೀದಿಯ ಮಿಂಬರನ್ನು ಬಿಟ್ಟುಕೊಡುವುದಿಲ್ಲ ತಾನೇ? ಎರಡನೆಯದು, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕೇಬಲನ್ನು ಯಾರು ನೋಡುತ್ತಾರೆ ಎಂಬುದು. ಪರದೆ ಕಿರಿದಾದ ಮಾತ್ರಕ್ಕೆ ಪ್ರಶ್ನೆ ಬದಲಾಗುವುದಿಲ್ಲ. ಮೊಬೈಲಿನಲ್ಲಿಯೂ ನಾವು ಹಂಚಿಕೊಳ್ಳುತ್ತಿರುವುದು ಅದೇ ಸನ್ಮಾನ, ಅದೇ ಹೂಹಾರ. ಜೊತೆಗೆ ಮೂಲ ತಿಳಿಯದ ಸುದ್ದಿಗಳು. ಸುದ್ದಿ ತಂದವನನ್ನು ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ ಆದೇಶ ಪರರಿಗಷ್ಟೇ ಅಲ್ಲ, ನಮಗೂ ಅನ್ವಯಿಸುತ್ತದೆ.

ಮೂರನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು: ಧೈರ್ಯವಾಗಿ ಮಾತನಾಡಿದರೆ ಪರವಾನಿಗೆಯೇ ಹೋದೀತು. ಈ ಭಯ ಆಧಾರರಹಿತವಲ್ಲ. ಕೇರಳದಲ್ಲಿ ಮಾಧ್ಯಮಂ ಬಳಗವು 2013ರಲ್ಲಿ ಆರಂಭಿಸಿದ ಮೀಡಿಯಾ ವನ್ ವಾಹಿನಿಯ ಪ್ರಸಾರವನ್ನು 2022ರ ಜನವರಿ 31ರಂದು ಭದ್ರತೆಯ ಹೆಸರಿನಲ್ಲಿ ತಡೆಯಲಾಯಿತು. ಕಾರಣವೇನೆಂದು ವಾಹಿನಿಗೇ ತಿಳಿಸಲಿಲ್ಲ. ಆದರೆ ಅವರು ಕೈಚೆಲ್ಲಲಿಲ್ಲ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಸರಕಾರದ ನೀತಿಗಳನ್ನು ಟೀಕಿಸುವುದು ವ್ಯವಸ್ಥೆಯ ವಿರೋಧವಾಗದೆಂದು ಸ್ಪಷ್ಟಪಡಿಸಿತು. ಆ ವಾಹಿನಿಯ ಪರವಾಗಿ ಮುಸ್ಲಿಮೇತರ ಪತ್ರಕರ್ತರು, ಸಾಮಾನ್ಯ ವೀಕ್ಷಕರು ಏಕೆ ನಿಂತರು? ಅದು ನೆರೆಹೊರೆಯ ಎಲ್ಲರ ಸುದ್ದಿಯನ್ನೂ ಹೇಳುತ್ತಿದ್ದುದರಿಂದ. ಸ್ವಂತದವರನ್ನು ಹೊಗಳುವುದಷ್ಟೇ ಅದರ ಕೆಲಸವಾಗಿದ್ದರೆ ಅದು ಮುಚ್ಚಿದ್ದನ್ನು ಯಾರೂ ಗಮನಿಸುತ್ತಿರಲಿಲ್ಲ.

ಸಣ್ಣ ಭಾಷೆಗಳೆಂಬ ಕೀಳರಿಮೆಯೂ ಬೇಡ. ಬ್ಯಾರಿ ಭಾಷೆಯ ಚಲನಚಿತ್ರವೊಂದು 2011ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರದೊಂದಿಗೆ ಹಂಚಿಕೊಂಡಿತು. ತಲಾಕಿನಿಂದ ನೊಂದ ಹೆಣ್ಣಿನ ಬದುಕು ಅದರ ವಸ್ತುವಾಗಿತ್ತು. ನಮ್ಮೊಳಗಿನ ಗಾಯವನ್ನು ನಮ್ಮದೇ ಭಾಷೆಯಲ್ಲಿ ಹೇಳಿದಾಗ ದೇಶ ಕಿವಿಗೊಡುತ್ತದೆ. ಕರಾವಳಿಯ ಬ್ಯಾರಿ, ಭಟ್ಕಳದ ನವಾಯತಿ, ಉತ್ತರದ ದಖನಿ - ಇವೆಲ್ಲ ನಮ್ಮ ಮನೆಯ ಮಾತುಗಳು. ಇವುಗಳ ಜೊತೆಗೆ ಕನ್ನಡ ಇರಲೇಬೇಕು. ಏಕೆಂದರೆ ನಮ್ಮ ಮಾತನ್ನು ಕೇಳಬೇಕಾದ ನೆರೆಮನೆಯವರು ಅದೇ ಕೇಬಲಿನ ತುದಿಯಲ್ಲಿದ್ದಾರೆ. ಸೌಹಾರ್ದ ದಿನದಂದು ಒಬ್ಬ ಸ್ವಾಮೀಜಿಯನ್ನು, ಒಬ್ಬ ಪಾದ್ರಿಯನ್ನು ಕೂರಿಸಿ ಭಾವಚಿತ್ರ ತೆಗೆಯುವುದಕ್ಕಿಂತ, ಊರಿನ ಕುಡಿಯುವ ನೀರಿನ ಸಮಸ್ಯೆಯ ಬಗ್ಗೆ ಪಕ್ಕದ ವಾರ್ಡಿನ ಹಿಂದೂ ತಾಯಿಯನ್ನೂ ನಮ್ಮ ತಾಯಿಯನ್ನೂ ಒಟ್ಟಿಗೆ ಕೂರಿಸುವುದು ಮೇಲು.

ಆದ್ದರಿಂದ ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ಮುಂದಿನ ರಮಝಾನಿಗೆ ಮುನ್ನವೇ ಒಂದು ನಿರ್ಧಾರಕ್ಕೆ ಬರಲಿ. ಹಣ ಕೊಟ್ಟವರು ಅತಿಥಿಗಳಾಗುವುದು ಬೇಡ. ಪ್ರತಿ ಮೂರು ಅತಿಥಿಗಳಲ್ಲಿ ಒಬ್ಬರು ಮಹಿಳೆಯಾಗಿರಲಿ. ವಾರಕ್ಕೊಂದು ಕಂತು ದಾಖಲೆ, ವಿದ್ಯಾರ್ಥಿವೇತನ, ಆರೋಗ್ಯಗಳಿಗೆ ಮೀಸಲಾಗಲಿ. ಸಂಗ್ರಹಿಸಿದ ಝಕಾತ್ ಎಲ್ಲಿ ವಿನಿಯೋಗವಾಯಿತೆಂದು ಜಮಾಅತ್‌ನ ಪದಾಧಿಕಾರಿಗಳನ್ನು ಪ್ರಶ್ನಿಸುವ ಒಂದು ಗಂಟೆಯಾದರೂ ಇರಲಿ. ರಮಝಾನ್ ಮುಗಿದ ಮೇಲೂ ತಿಂಗಳಿಗೊಂದು ಸಂಚಿಕೆ ನಡೆಯಲಿ.

ಪ್ರವಾದಿ(ಸ)ರು ತಮ್ಮ ಊರಿನವರನ್ನು ಬಹಿರಂಗವಾಗಿ ಕರೆದದ್ದು ಸಫಾ ಬೆಟ್ಟವನ್ನೇರಿ. ಆಪತ್ತು ಬಂದಾಗ ಎತ್ತರದಲ್ಲಿ ನಿಂತು ಕೂಗಿ ಕರೆಯುವುದು ಅಂದಿನ ಅರಬರ ರೂಢಿಯಾಗಿತ್ತು. ಅಂದಿನ ಮಕ್ಕಾದ ಪ್ರಸಾರ ಮಾಧ್ಯಮ ಅದುವೇ. ಅಲ್ಲಿ ಅವರು ಮೊದಲು ಕೇಳಿದ್ದು, ತಮ್ಮ ಮಾತನ್ನು ಜನ ನಂಬುವರೇ ಎಂದು. ನಲ್ವತ್ತು ವರ್ಷ ಸುಳ್ಳಾಡದೆ ಬಾಳಿದ್ದರಿಂದ ಅದಕ್ಕೆ ಹೌದೆಂಬ ಉತ್ತರ ದೊರೆಯಿತು. ಸಂದೇಶ ಆ ಬಳಿಕ ಬಂತು. ಹೊಗಳಿಕೆಯನ್ನು ಮಾರುವ ಪರದೆಗೆ ಆ ನಂಬಿಕೆ ಎಂದಿಗೂ ದೊರೆಯದು. ಸಮುದಾಯದ ಮೇಲೆ ಮುಂದೊಮ್ಮೆ ಸುಳ್ಳಿನ ಮಳೆ ಸುರಿದಾಗ ನಾವು ಆ ಪರದೆಯ ಮೇಲೆ ನಿಂತು ಸತ್ಯ ಹೇಳಬೇಕಾದೀತು. ಅಂದು ನೆರೆಮನೆಯವರು ನಮ್ಮನ್ನು ನಂಬಬೇಕಾದರೆ, ಇಂದು ಆ ಎರಡು ಸೋಫಾಗಳಿಂದ ಅಂಗಡಿಯನ್ನು ಎಬ್ಬಿಸಬೇಕು.