ಅಂಗನವಾಡಿ ಯಾರ ಬೀದೀಲಿದೆ?



ಹಳ್ಳಿಗಳಿಗೆ ಹೋದಾಗ ನಾನು ಮೊದಲು ಕೇಳೋದು ಅಂಗನವಾಡಿ ಎಲ್ಲಿದೆ ಅಂತ. ಬಹಳ ಕಡೆ ಸಿಗೋ ಉತ್ತರ ಒಂದೇ: ಊರೊಳಗೆ, ದೇವಸ್ಥಾನದ ಪಕ್ಕ. ಕೇರಿಯ ಮೂರು ವರ್ಷದ ಕೂಸು ಅಲ್ಲಿಗೆ ಒಂಟಿಯಾಗಿ ಹೋಗೋಕಾಗುತ್ತಾ? ಅವ್ವ ಬೆಳಗಾಗೋದ್ರೊಳಗೆ ಕೂಲಿಗೆ ಹೋಗಿರ್ತಾಳೆ.

ಈ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಬಡವರ ಮಕ್ಕಳಿಗೆ ಅನ್ನ, ಅಕ್ಷರ ಅಂತಲೇ ಬಂದದ್ದು. ಆದರೂ 2004ರಲ್ಲಿ ಸುಪ್ರೀಂ ಕೋರ್ಟು, ಪರಿಶಿಷ್ಟರ ಕೇರಿ-ಹಾಡಿಗಳಿಗೆ ಬೇಗ ಅಂಗನವಾಡಿ ಕೊಡಿ ಅಂತ ಆದೇಶ ಮಾಡಬೇಕಾಯ್ತು. ಸುಮ್ಮಸುಮ್ಮನೆ ಕೋರ್ಟು ಹಾಗೆ ಹೇಳುತ್ತಾ? 2006ರಲ್ಲಿ ಇನ್ನೂ ಬಿಡಿಸಿ ಹೇಳಿತು: ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಕಡೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು.

ಕೆಲವು ವಿದ್ಯಾವಂತ ಗೆಳೆಯರು ಅಂತಾರೆ: "ಕೇರಿಯಲ್ಲೇ ಮಾಡಿದರೆ ಮೇಲ್ಜಾತಿಯವರು ಮಕ್ಕಳನ್ನ ಕಳಿಸಲ್ಲ, ಮತ್ತೆ ಬೇರೆ ಬೇರೆಯೇ ಆಯ್ತಲ್ಲ?" ಈ ಮಾತನ್ನ ತಳ್ಳಿಹಾಕೋ ಹಾಗಿಲ್ಲ. ಒಟ್ಟಿಗೆ ಕೂತು ಉಣ್ಣೋದನ್ನ ಮಕ್ಕಳು ಅಲ್ಲೇ ಕಲೀಬೇಕು. ಆದರೆ ಅದಕ್ಕಾಗಿ ಪ್ರತಿಸಲ ನಮ್ಮ ಕೂಸೇ ಯಾಕೆ ನಡೀಬೇಕು? ಕೇರಿಯಲ್ಲಿ ಕಟ್ಟಲಿ, ಅವರ ಮಕ್ಕಳು ಬರಲಿ. ನಾವೇನು ಬಾಗಿಲು ಹಾಕೋರಲ್ಲ.

ಇನ್ನು ಕಿವಿ ಕೇಳದ, ಕಾಲಿಗೆ ಬಲವಿಲ್ಲದ, ಬುದ್ಧಿ ನಿಧಾನವಾದ ಮಕ್ಕಳ ಗತಿ ಕೇಳಿ. ನಮ್ಮ ಬೀದೀಲೇ ನಾಲ್ಕು ವರ್ಷದ ಹುಡುಗಿ ಇದ್ದಾಳೆ, ಕಿವಿ ಕೇಳಿಸಲ್ಲ. ಅಜ್ಜಿ ಕರಕೊಂಡು ಹೋದರೆ, "ಇವಳನ್ನ ನೋಡಿಕೊಳ್ಳೋರು ಯಾರು ಅಜ್ಜಿ, ದೊಡ್ಡವಳಾದ ಮೇಲೆ ಸ್ಪೆಷಲ್ ಸ್ಕೂಲಿಗೆ ಹಾಕಿ" ಅಂದ್ರಂತೆ. ಹಿಟ್ಟಿನ ಪಾಕೀಟು ಕೊಟ್ಟು ಕಳಿಸಿದರು. ಟೀಚರಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಬರೀ ಗೌರವಧನಕ್ಕೆ ದುಡಿಯೋ ಆಕೆಯ ತಲೆ ಮೇಲೆ ಸರ್ವೆ, ಚುನಾವಣೆ ಕೆಲಸ, ಮೊಬೈಲಿಗೆ ಲೆಕ್ಕ ತುಂಬೋದು ಎಲ್ಲಾ ಹೇರಿದ್ದಾರೆ. ನನ್ನ ಸಿಟ್ಟು ಕಾನೂನು ಬರೆದವರ ಮೇಲೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಆರನೇ ವರ್ಷಕ್ಕೆ ಶುರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಉಚಿತ ಶಿಕ್ಷಣವೂ ಆರಕ್ಕೇ ಶುರು. ಮೂರರಿಂದ ಆರರ ಮಕ್ಕಳಿಗೆ ಸರ್ಕಾರ ಏರ್ಪಾಟು "ಮಾಡಬಹುದು" ಅಂತ ಬರೆದಿದ್ದಾರೆ, "ಮಾಡಬೇಕು" ಅಂತಲ್ಲ. ಮಗು ಮಾತು ಕಲಿಯೋದು ಆರರೊಳಗೇ ಅಲ್ಲವಾ! ಉಳ್ಳವರು ಹುಟ್ಟಿದ ವರ್ಷವೇ ಪರೀಕ್ಷೆ ಮಾಡಿಸಿ ಕಿವಿಗೆ ಮಿಷನ್ ಹಾಕಿಸ್ತಾರೆ. ನಮ್ಮ ಹುಡುಗಿಗೆ ಸಿಕ್ಕಿದ್ದು "ಮೂಗಿ" ಅನ್ನೋ ಹೆಸರು. 2023ರಲ್ಲಿ ಕೇಂದ್ರ ಸರ್ಕಾರ ಇಂಥ ಮಕ್ಕಳನ್ನ ಅಂಗನವಾಡಿಯಲ್ಲೇ ಗುರುತಿಸಿ ಸೇರಿಸಿಕೊಳ್ಳೋಕೆ ನಿಯಮಾವಳಿ ಹೊರಡಿಸಿತು. ಅದು ನಮ್ಮ ಬೀದಿಗೆ ಇನ್ನೂ ಬಂದಿಲ್ಲ.

ಮುಂದಿನ ಭಾನುವಾರ ನಮ್ಮ ಕೇರಿಯಲ್ಲಿ ಮನೆಮನೆಗೆ ಹೋಗಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡ್ತಿದ್ದೀವಿ. ನಿಮ್ಮ ಕೇರೀಲೂ ಮಾಡಿ. 2006ರ ಆದೇಶ ಹೆಸರಿಸಿ ಸಿಡಿಪಿಓ ಆಫೀಸಿಗೆ ಅರ್ಜಿ ಕೊಡಿ, ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಪಟ್ಟೀಲಿ ಕಿವಿ, ಕಣ್ಣು, ಕಾಲಿನ ತೊಂದರೆ ಇರೋ ಮಕ್ಕಳ ಹೆಸರು ಬಿಟ್ಟುಹೋಗಬಾರದು. ಮನೆಯವರು ನಾಚಿಕೊಂಡು ಒಳಗೇ ಕೂರಿಸಿರ್ತಾರೆ, ಬಾಗಿಲಲ್ಲಿ ನಿಂತು ಎಣಿಸಬೇಡಿ, ಒಳಗೆ ಹೋಗಿ ಕೇಳಿ.